ಹನ್ನೊಂದನೇ ಕಾಲೇಜು

ಸಿಇಟಿ ಸೀಟು ಹಂಚಿಕೆಯಾದ ಬೆಳಗ್ಗೆ ದೊಡ್ಡಬೆಳವಂಗಲದ ನಮ್ಮ ಮನೆಯ ಜಗಲಿ ಮೇಲೆ ಕೂತು ಮೊಬೈಲ್ ತೆರೆದೆ. ಸಿಕ್ಕಿದ್ದು ನಮ್ಮೂರಿಂದ ಅರ್ಧ ಗಂಟೆ ದೂರದ ಸಣ್ಣ ಎಂಜಿನಿಯರಿಂಗ್ ಕಾಲೇಜು. ಅದನ್ನು ನಾನು ಆಯ್ಕೆಯ ಪಟ್ಟಿಯಲ್ಲಿ ಹನ್ನೊಂದನೆಯದಾಗಿ ಹಾಕಿದ್ದೆ. ಈಗ ಅದೇ ಮೊದಲನೆಯದಾಗಿತ್ತು. ಇದಕ್ಕೂ ಮೊದಲು ಪ್ರಯೋಗಕ್ಕೆಂದು ಮಾಡಿದ ಅಣಕು ಹಂಚಿಕೆಯಲ್ಲಿ ನನಗೆ ಬೆಂಗಳೂರಿನ ಕಾಲೇಜು ತೋರಿಸಿತ್ತು.

ಅಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದರು. "ಅಪ್ಪ, ನನ್ನ ಪಟ್ಟಿ ಯಾರು ಬದಲಾಯಿಸಿದ್ದು?" ಎಂದೆ.

ಅವರು ತಿರುಗಲಿಲ್ಲ. "ನಿಮ್ ದೊಡ್ಡಪ್ಪ ಸೈಬರ್ ಸೆಂಟರಿಂದ ಫೋನ್ ಮಾಡಿ, ನನ್ ಫೋನಿಗೆ ಬಂದಿದ್ದ ಒಟಿಪಿ ಕೇಳ್ದ. ಹೇಳ್ಬಿಟ್ಟೆ ಕಣಮ್ಮ."

ದೊಡ್ಡಪ್ಪ ಪಕ್ಕದ ಮನೆಯಲ್ಲೇ ಇದ್ದರು. ಓಡಿ ಹೋಗಿ ಕೇಳಿದೆ. ಪೇಪರು ಮಡಚದೆಯೇ ಹೇಳಿದರು: "ಹೆಣ್ಮಗು ಸಂಜೆ ಆರಕ್ಕೆ ಮನೇಲಿರ್ಬೇಕು. ಎಂಜಿನಿಯರಿಂಗ್ ಎಲ್ಲಿ ಓದಿದ್ರೂ ಎಂಜಿನಿಯರಿಂಗೇ."

ಅವರ ಮಗ ನನಗಿಂತ ಹಿಂದಿನ ರ‍್ಯಾಂಕಿನಲ್ಲಿ ಬೆಂಗಳೂರಿನ ಹಾಸ್ಟೆಲ್ ಸೇರಿದ್ದ. ಅವನಿಗೆ ಸಂಜೆ ಆರು ಗಂಟೆ ಇರಲಿಲ್ಲ. ಅದನ್ನೂ ಹೇಳಿದೆ. "ಬಾಯಿ ಜಾಸ್ತಿಯಾಯ್ತು" ಎಂದರು. ಮೊದಲ ಆಯ್ಕೆಯೇ ಸಿಕ್ಕಿದ ಮೇಲೆ ಮುಂದಿನ ಸುತ್ತಿಗೆ ಹೋಗುವ ಹಾಗಿಲ್ಲ. ಸೇರಬೇಕು, ಇಲ್ಲ ಬಿಡಬೇಕು. ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟೆ. ನಾಲ್ಕನೇ ದಿನ ಹೋಗಿ ಸೇರಿದೆ.

ಕಾಲೇಜು ಚೆನ್ನಾಗಿತ್ತು. ನನಗೆ ಹೆಚ್ಚು ಸಿಟ್ಟು ತರಿಸಿದ್ದು ಅದೇ. ಮೆಕ್ಯಾನಿಕಲ್ ಕ್ಲಾಸಿನಲ್ಲಿ ಇದ್ದದ್ದೇ ಇಪ್ಪತ್ತಾರು ಜನ. ವರ್ಕ್‌ಶಾಪ್ ಮೇಡಂ ಒಬ್ಬೊಬ್ಬರನ್ನೂ ಲೇತ್ ಯಂತ್ರದ ಮುಂದೆ ನಿಲ್ಲಿಸಿ, ತಪ್ಪಾದರೆ ಮತ್ತೆ ಮಾಡಿಸುತ್ತಿದ್ದರು. ನಾನು ನಿಜವಾಗಿ ಕಲಿತೆ. ಆದರೆ ಒಳ್ಳೆಯದಾಯಿತಲ್ಲ ಅನ್ನುವ ಒಂದೇ ಮಾತಿನಲ್ಲಿ ಮನೆಯವರೆಲ್ಲ ಆ ಕಳ್ಳತನವನ್ನು ಮುಚ್ಚಿಹಾಕಿದರು.

ಮೂರನೇ ವರ್ಷದ ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬಂದೆ. ಆ ವಾರ ಬೂದಿಗೆರೆಯಲ್ಲಿ ಸೋದರತ್ತೆಯ ಮನೆ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ನೆಂಟರ ಮುಂದೆ, "ಕಾಲೇಜು ನಾನೇ ಆರಿಸಿದ್ದು. ಇವಳ ಮಾತು ಕೇಳಿದ್ರೆ ಬೆಂಗಳೂರಲ್ಲಿ ಕಳೆದುಹೋಗ್ತಿದ್ಲು" ಎಂದು ನಕ್ಕರು.

ನನ್ನ ಕೈಯಲ್ಲಿ ಪಾಯಸದ ಬಕೆಟ್ಟಿತ್ತು. ಕೆಳಗಿಟ್ಟೆ.

"ನೀವು ಆರಿಸ್ಲಿಲ್ಲ ದೊಡ್ಡಪ್ಪ. ನನಗೆ ಹೇಳ್ದೆ ನನ್ನ ಪಟ್ಟಿ ತಿದ್ದಿದ್ರಿ. ಮೊದಲು ಬಂದಿದ್ದು ನಾನು ಓದಿದ್ದಕ್ಕೆ."

ಅಮ್ಮ ನನ್ನ ರಟ್ಟೆ ಹಿಡಿದು ಎಳೆದಳು. ದೊಡ್ಡಪ್ಪ ಅರ್ಧ ಊಟದಲ್ಲೇ ಕೈ ತೊಳೆದು ಹೊರಟರು. ಆಗ ಅಪ್ಪ ಎಲೆ ನೋಡುತ್ತಲೇ, "ಅವಳು ಹೇಳಿದ್ದು ನಿಜ. ನನ್ನದೂ ತಪ್ಪು" ಎಂದರು. ಅಷ್ಟೇ ಹೇಳಿ ಅನ್ನ ಕಲಸಿದರು.

ದೊಡ್ಡಪ್ಪ ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಕ್ಷಮೆ ಕೇಳು ಎಂದು ಅತ್ತೆ ಆಗಾಗ ಹೇಳಿಕಳಿಸುತ್ತಾರೆ. ನಾನು ಕೇಳಿಲ್ಲ, ಕೇಳುವುದೂ ಇಲ್ಲ.