ವಾಚಿನ ಹಿಂಬದಿ

ನನಗೆ ಹಳೇ ವಾಚಿನ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಚಿನ್ನ, ಸೀರೆ, ಸೈಟು ಅಂತ ಮರ್ಯಾದಸ್ಥ ಹುಚ್ಚುಗಳು ಬೇಕಾದಷ್ಟಿರುವಾಗ ಇದೇ ಯಾಕೆ ಹತ್ತಿತು ಅಂದರೆ ಕಾರಣ ಬಹಳ ಸಣ್ಣದು. ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ನಾಡಿ ಎಣಿಸಲು ಸೆಕೆಂಡಿನ ಮುಳ್ಳು ಬೇಕು. ವಾರ್ಡಿನ ಗೋಡೆ ಗಡಿಯಾರದಲ್ಲಿ ಸೆಲ್ ಇದ್ದದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಒಂದು ದಿನ ನನ್ನ ಕೈಯಲ್ಲಿದ್ದದ್ದೂ ನಿಂತುಹೋಯಿತು. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಕೌಲ್ ಬಜಾರಿಗೆ ಹೋದೆ. ಅಲ್ಲಿ ಬಾಗಿಲಿನಷ್ಟೇ ಅಗಲದ ಅಂಗಡಿಯಲ್ಲಿ ಕೂತಿದ್ದ ಮುದುಕ ನನ್ನ ವಾಚು ನೋಡುವ ಬದಲು ಗಾಜಿನ ಪೆಟ್ಟಿಗೆಯಿಂದ ಬೇರೆ ಒಂದನ್ನು ತೆಗೆದು ಮುಂದಿಟ್ಟ.

"ಇದಕ್ಕ ಸೆಲ್ಲೇ ಬ್ಯಾಡ, ಸಿಸ್ಟರಮ್ಮ. ಮುಂಜಾನಿ ಎದ್ದು ಚಾವಿ ಕೊಡ್ರಿ, ಮರುದಿನದ ಮಟ ನಿಮ್ಮ ಸೇವಾ ಮಾಡ್ತೈತಿ."

ಯಾರಾದರೂ ನನ್ನ ಸೇವೆ ಮಾಡಿ ಎಷ್ಟೋ ವರ್ಷವಾಗಿತ್ತು. ತೆಗೆದುಕೊಂಡೆ.

ಆಮೇಲೆ ಒಂದು ಎರಡಾಯಿತು, ಎರಡು ಇಪ್ಪತ್ತಾಯಿತು. ಎಲ್ಲ ಚಾವಿ ಕೊಡುವಂಥವು, ಯಾವುದೂ ಸಾವಿರ ರೂಪಾಯಿ ದಾಟಿದ್ದಲ್ಲ. ಕಂಟೋನ್ಮೆಂಟಿನ ನಮ್ಮ ಬಾಡಿಗೆ ಮನೆಯ ಅಲಮಾರಿನಲ್ಲಿ, ಸ್ಟೀಲಿನ ಟಿಫಿನ್ ಡಬ್ಬಿಯೊಳಗೆ ಹತ್ತಿ ಹಾಸಿ ಇಟ್ಟಿದ್ದೇನೆ. ಬೆಳಿಗ್ಗೆ ಚಹಾ ಕುದಿಯುವಷ್ಟರಲ್ಲಿ ಆ ದಿನದ ವಾಚು ಆರಿಸಿ ಚಾವಿ ಕೊಡುತ್ತೇನೆ. "ಒಂದು ಕೈಗೆ ಎಷ್ಟ್ ಟೈಮ್ ಬೇಕ ನಿನಗ?" ಅಂತ ನಮ್ಮ ಯಜಮಾನರು ಕೇಳುತ್ತಾರೆ. ಉತ್ತರ ಕೊಡುವ ಶಕ್ತಿ ಆ ಹೊತ್ತಿಗೆ ನನಗಿರುವುದಿಲ್ಲ. ಇಪ್ಪತ್ತೇಳು ವರ್ಷ ನಿಂತು ಕೆಲಸ ಮಾಡಿದ ಕಾಲುಗಳು ಬೆಳಿಗ್ಗೆ ಎದ್ದಾಗಲೇ ದಣಿದಿರುತ್ತವೆ. ಇಡೀ ದಿನದಲ್ಲಿ ನಾನು ಹೇಳಿದ ಹಾಗೆ ಕೇಳುವುದು ಅದೊಂದೇ, ಹತ್ತಿಪ್ಪತ್ತು ಸುತ್ತು ತಿರುಗಿಸಿದರೆ ಟಿಕ್ ಟಿಕ್ ಅನ್ನುವ ಯಂತ್ರ.

ಈ ಹುಚ್ಚಿನಲ್ಲಿ ಒಂದು ಪದ್ಧತಿ ಉಂಟು. ಹಳೇ ವಾಚಿಗೆ ಹೊಸ ಬಿಡಿಭಾಗ ಸಿಗುವುದಿಲ್ಲ. ಹಾಗಾಗಿ ಮೂರು ಸತ್ತ ವಾಚು ತಂದು ಒಂದು ಬದುಕಿರುವ ವಾಚು ಮಾಡುತ್ತಾರೆ. ಒಂದರ ಒಳಗಿನ ಮಿಷನ್ನು, ಇನ್ನೊಂದರ ಡಯಲ್ಲು, ಮತ್ತೊಂದರ ಹೊರಗಿನ ಕೇಸು. ಉಳಿದದ್ದು ಅಂಗಡಿಯ ಮುದುಕನ ಕಾಲಬುಡದ ತಗಡಿನ ಡಬ್ಬಿಗೆ ಬೀಳುತ್ತದೆ, ಡಬ್ಬಿ ತುಂಬಿದಾಗ ಗುಜರಿಗೆ ಹೋಗುತ್ತದೆ. ಅವನನ್ನು ನಾನು ಚಾಚಾ ಅನ್ನುತ್ತಿದ್ದೆ. ಗಿರಾಕಿಗೆ ತಕ್ಕಂತೆ ಕನ್ನಡ, ತೆಲುಗು, ಉರ್ದು ಬದಲಿಸುತ್ತಿದ್ದ, ಕೈ ಮಾತ್ರ ಒಂದೇ ಹದದಲ್ಲಿ ಓಡುತ್ತಿತ್ತು. ಡಯಲ್ಲು ಕಾರ್ಖಾನೆಯಿಂದ ಬಂದದ್ದೇ ಇರಬೇಕು, ಮೇಲೆ ಬಣ್ಣ ಹೊಡೆದಿರಬಾರದು. ಮಿಷನ್ನು ತುಕ್ಕು ಹಿಡಿದಿರಬಾರದು. ನಮ್ಮಂಥ ಹುಚ್ಚರು ಜೀವ ಬಿಡುವುದು ಈ ಎರಡಕ್ಕೇ. ಹಿಂಬದಿಯ ಮುಚ್ಚಳವನ್ನು ಯಾರೂ ನೋಡುವುದಿಲ್ಲ. ಅದು ಚರ್ಮಕ್ಕೆ ಅಂಟಿಕೊಂಡಿರುತ್ತದೆ, ನಾಲ್ಕು ಜನಕ್ಕೆ ತೋರಿಸಲು ಬರುವುದಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ನನ್ನನ್ನು ಹದಿನೈದು ದಿನ ಸಿರುಗುಪ್ಪಕ್ಕೆ ಡೆಪ್ಯುಟೇಶನ್ ಮೇಲೆ ಹಾಕಿದರು. ದಿನಾ ಬಸ್ಸು, ದಿನಾ ಬೆವರು. ಅಲ್ಲಿ ಬಿಪಿ ತೋರಿಸಲು ಬಂದ ಒಬ್ಬ ಹೆಂಗಸು ನನ್ನ ಮಣಿಕಟ್ಟು ನೋಡಿ, "ಇಂಥದ್ದ ಒಂದು ನಮ್ಮ ಮನ್ಯಾಗೂ ಐತ್ರಿ ಅಕ್ಕಾರ. ನಮ್ಮ ಮನಿಯವರದು. ಅವರು ಹೋಗಿ ನಾಲ್ಕು ವರ್ಷಾತು, ಅದೂ ನಿಂತೈತಿ" ಅಂದಳು. ಮರುದಿನ ಸೆರಗಿನ ಗಂಟು ಬಿಚ್ಚಿ ನನ್ನ ಮುಂದೆ ಇಟ್ಟಳು. ಕಪ್ಪು ಡಯಲ್ಲು, ಅಂಕಿಗಳು ಹಿಂದಿಯಲ್ಲಿ, ಒಂದು ಗೀರೂ ಇಲ್ಲ. ಅಂಥದ್ದನ್ನು ನಾನು ಆರು ವರ್ಷದಿಂದ ಹುಡುಕುತ್ತಿದ್ದೆ. ನಾನೂರು ಕೊಟ್ಟೆ. ಅವಳು ಇನ್ನೂರು ಸಾಕು ಅಂದಳು, ನಾನು ದೊಡ್ಡ ಮನಸ್ಸಿನವಳ ಹಾಗೆ ನಾನೂರನ್ನೇ ಕೈಯಲ್ಲಿಟ್ಟೆ. ಆ ದಿನ ಬಸ್ಸಿನಲ್ಲಿ ಕಾಲುನೋವು ಕೂಡ ಗೊತ್ತಾಗಲಿಲ್ಲ.

ಮನೆಗೆ ತಂದು ತಿರುವಿ ನೋಡಿದರೆ ಹಿಂಬದಿ ಹೇಸಿಗೆಯಾಗಿತ್ತು. ಗಾಯಕ್ಕೆ ಹಚ್ಚುವ ಪ್ಲಾಸ್ಟರು ಕರ್ರಗಾಗಿ ಗುಂಡಗೆ ಅಂಟಿತ್ತು. ಸ್ಪಿರಿಟ್ ಹಚ್ಚಿ ಉಜ್ಜಿ ಕಿತ್ತೆ. ಕೆಳಗೆ ಮುಚ್ಚಳವನ್ನು ಬೆವರು ತಿಂದು, ಸಿಡುಬಿನ ಮುಖದ ಹಾಗೆ ಗುಳಿ ಗುಳಿ ಮಾಡಿತ್ತು. ಕೇಸಿನ ಅಂಚೂ ಹಾಗೇ. "ಈ ಹೊಲಸು ತೆಗೆದು ಬಿಸಾಕು ಚಾಚಾ" ಅಂತ ಮರುದಿನ ಅಂಗಡಿಯಲ್ಲಿ ನಾನೇ ಹೇಳಿದೆ. ಡಯಲ್ಲನ್ನು ಬೇರೆ ಒಳ್ಳೆ ಕೇಸಿಗೆ ಕೂರಿಸಿ ನನ್ನ ಟಿಫಿನ್ ಡಬ್ಬಿಯ ನಡುವೆ ಪಟ್ಟದ ರಾಣಿಯ ಹಾಗೆ ಇಟ್ಟೆ. ಮಿಷನ್ನನ್ನು ನಾನು ಡ್ಯೂಟಿಗೆ ಕಟ್ಟುವ ವಾಚಿಗೆ ಹಾಕಿಸಿದೆ. ಅದರ ಹಳೇ ಮಿಷನ್ನು ಮಂಚದ ಸರಳಿಗೆ ಬಡಿದು ಕೆಟ್ಟಿತ್ತು. ಸಿರುಗುಪ್ಪದ ವಾಚಿನ ಚಾವಿ ಕೊಡುವ ಗುಂಡಿ ಸವೆದು ಜಾರುತ್ತಿತ್ತು, ಅದನ್ನೂ ಬದಲಿಸಿದೆವು.

ನಾಗರ ಪಂಚಮಿ ಕಳೆದು ಒಂದು ವಾರಕ್ಕೆ, ಮಧ್ಯಾಹ್ನದ ಹೊತ್ತು, ಒಬ್ಬ ಹುಡುಗಿ ವಾರ್ಡಿಗೆ ನನ್ನನ್ನು ಹುಡುಕಿಕೊಂಡು ಬಂದಳು. ಇಪ್ಪತ್ತೈದು ಇಪ್ಪತ್ತಾರು ಇರಬೇಕು. ಕೊರಳಲ್ಲಿ ತಾಳಿ, ಬೆರಳುಗಳು ನೀಲಿ. ಜೀನ್ಸ್ ಹೊಲಿಯುವವಳು ಅಂತ ಬೆರಳೇ ಹೇಳಿತು. ಕುರುಗೋಡಿಗೆ ಕೊಟ್ಟ ಹೆಣ್ಣು, ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಬಂದು ಹೊಲಿದು ಸಂಜೆ ವಾಪಸ್ಸು ಹೋಗುತ್ತಾಳೆ.

"ಸಿರುಗುಪ್ಪದಾಗ ನಮ್ಮವ್ವನ ಕಡಿಂದ ವಾಚ್ ತಗಂಡವ್ರು ನೀವೇ ಏನ್ರಿ? ಪಂಚಮಿಗೆ ತವರಿಗೆ ಹೋಗಿದ್ದೆ, ಆಗ ಗೊತ್ತಾತು. ನನ್ನ ಒಂದು ಮಾತು ಕೇಳದಂಗ ಮಾರ್ಯಾಳ. ನಮ್ಮಪ್ಪಂದು ಅಂತ ಉಳಿದಿದ್ದು ಅದೊಂದೇ ರೀ. ನೀವು ಕೊಟ್ಟ ರೊಕ್ಕ ತಂದೀನಿ."

ಮೊದಲು ನನಗೆ ಬಂದದ್ದು ಸಿಟ್ಟು. ಕದ್ದು ತಂದಿದ್ದೇನೆಯೇ? ಕೇಳಿದ್ದಕ್ಕಿಂತ ಎರಡರಷ್ಟು ಕೊಟ್ಟು ತಂದಿದ್ದೇನೆ. ಒಂದು ಬೆಡ್ಡಿಗೆ ಡ್ರಿಪ್ ಮುಗಿದಿತ್ತು, ಇನ್ನೊಂದು ಬೆಡ್ಡಿನವರು ಕೂಗುತ್ತಿದ್ದರು, ಇವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ಸಿಟ್ಟಿನ ಹಿಂದೆಯೇ ಹೆದರಿಕೆಯೂ ಬಂತು. ಅವಳು ಕೇಳುತ್ತಿದ್ದ ವಾಚು ಈಗ ಇರಲಿಲ್ಲ. ಅದರ ಮಿಷನ್ನು ನನ್ನ ಕೈಮೇಲೇ ಓಡುತ್ತಿತ್ತು, ಅವಳ ಕಣ್ಣೆದುರಿಗೇ. ಅದು ಅವಳಿಗೆ ಗೊತ್ತಿರಲಿಲ್ಲ.

"ಶನಿವಾರ ಬಾರವ್ವ, ಕೊಡ್ತೀನಿ" ಅಂದೆ. ರೊಕ್ಕ ಮುಟ್ಟಲಿಲ್ಲ.

ನಿಜ ಹೇಳಬಹುದಿತ್ತು. ಆದರೆ ನಿಜ ಹೇಳಲು ಕೂತು ಮಾತಾಡಬೇಕು, ಅತ್ತರೆ ಸಮಾಧಾನ ಮಾಡಬೇಕು. ಆ ಕೆಲಸ ದಿನಕ್ಕೆ ಎಂಟು ಗಂಟೆ ಸಂಬಳಕ್ಕೆ ಮಾಡುತ್ತೇನೆ, ಇನ್ನೂ ಒಬ್ಬರಿಗೆ ಮಾಡುವ ತ್ರಾಣ ಇರಲಿಲ್ಲ. ನನ್ನ ಡಬ್ಬಿಯಲ್ಲಿ ಅದೇ ನಮೂನೆಯ ಕಪ್ಪು ಡಯಲ್ಲಿನ ಇನ್ನೊಂದು ವಾಚಿತ್ತು, ಆದರೆ ಡಯಲ್ಲಿಗೆ ಬಣ್ಣ ಹೊಡೆದದ್ದು. ನಮ್ಮ ಲೆಕ್ಕದಲ್ಲಿ ಅದು ನಕಲಿ. ಬೇರೆಯವರ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಶನಿವಾರ ಅದನ್ನು ಒರೆಸಿ, ಹೊಸ ಬೆಲ್ಟು ಹಾಕಿ ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ನನ್ನ ಕಾಲು ಮುಟ್ಟಲು ಬಗ್ಗಿದಳು, ತಡೆದೆ. ಆವತ್ತು ಊಟ ಸೇರಲಿಲ್ಲ. ಬಿಸಿಲಿಗೆ ಅಂದುಕೊಂಡೆ.

ಸೋಮವಾರ ಬಂದಳು. ದನಿ ಏರಿಸಲಿಲ್ಲ. ವಾಚನ್ನು ಬೋರಲಾಗಿ ಮೇಜಿನ ಮೇಲಿಟ್ಟಳು.

"ಇದು ನಮ್ಮಪ್ಪಂದಲ್ರಿ ಸಿಸ್ಟರಮ್ಮ. ಅಪ್ಪ ಅಕ್ಕಿ ಮಿಲ್ಲಿನಾಗ ಬಾಯ್ಲರ್ ಮುಂದ ಇರ್ತಿದ್ದ. ಭತ್ತ ಎಷ್ಟೊತ್ತು ಬೇಯಬೇಕು ಅಂತ ವಾಚ್ ನೋಡ್ಕಂಡೇ ಇಳಸ್ತಿದ್ದ. ಆ ಬೆವರಿಗೆ ಹಿಂದಿನ ಮುಚ್ಚಳ ತೂತು ತೂತು ಆಗಿತ್ತು. ಅದು ಕೊರದು ಕೈಗೆ ಗಾಯ ಆಗ್ತಿತ್ತು ಅಂತ ಪ್ಲಾಸ್ಟರ್ ಹಚ್ಕಂತಿದ್ದ. ಆ ಪ್ಲಾಸ್ಟರ್ ಗುಂಡಗ ಕತ್ತರಿಸಿ ಕೊಡ್ತಿದ್ದಾಕಿ ನಾನು. ಇದರ ಹಿಂದ ನೋಡ್ರಿ, ಕನ್ನಡಿ ಆಗೈತಿ."

ನನಗೆ ಆ ಪ್ಲಾಸ್ಟರಿನ ಅಂಚು ನೆನಪಾಯಿತು. ಎಷ್ಟು ನೀಟಾಗಿ ಗುಂಡಗಿತ್ತು. ಮುಖ ತಿರುವಿಕೊಂಡು, ಎರಡೇ ಬೆರಳಲ್ಲಿ ಹಿಡಿದು ಕಿತ್ತಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಇನ್ನು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮಿಷನ್ನು ಇಲ್ಲಿದೆ, ಡಯಲ್ಲು ಮನೆಯಲ್ಲಿದೆ, ಉಳಿದದ್ದು ಕೌಲ್ ಬಜಾರಿನ ತಗಡಿನ ಡಬ್ಬಿಯಲ್ಲಿ ಇದ್ದರೆ ಇದೆ ಅಂತ ಒಂದೊಂದಾಗಿ ಹೇಳಿದೆ. ಕೋಳಿ ಕೊಯ್ದು ಪಾಲು ಹಾಕಿದ ಲೆಕ್ಕ ಒಪ್ಪಿಸಿದ ಹಾಗಿತ್ತು.

ಅವಳು ಅಳಲಿಲ್ಲ. "ಹೋಗಾನ ನಡ್ರಿ, ಕೂಡಿಸಾಕ ಬರ್ತೈತೇನ ನೋಡಾನ" ಅಂದಳು.

ಡ್ಯೂಟಿ ಮುಗಿದ ಮೇಲೆ ಮನೆಗೆ ಹೋಗಿ ಟಿಫಿನ್ ಡಬ್ಬಿ ತೆಗೆದುಕೊಂಡು ಇಬ್ಬರೂ ಆಟೋದಲ್ಲಿ ಚಾಚಾನ ಅಂಗಡಿಗೆ ಹೋದೆವು. ದಾರಿಯುದ್ದಕ್ಕೂ ನನಗೆ ಒಂದೇ ಆಸೆ, ಆ ಮುಚ್ಚಳವೊಂದು ಸಿಕ್ಕಿಬಿಡಲಿ. ಚಾಚಾ ಕಾಲಬುಡದ ಡಬ್ಬಿಯನ್ನು ಹೊರಗೆಳೆದ. ತಳದಲ್ಲಿ ನಾಲ್ಕೈದು ಸ್ಕ್ರೂ, ಒಂದು ಒಡೆದ ಗಾಜು, ಅಷ್ಟೇ.

"ಬಕ್ರೀದಿಗೆ ಮುಂಚೆನ ಗುಜರಿಗೆ ಹಾಕೀನಲ್ಲ, ಸಿಸ್ಟರಮ್ಮ. ಬಿಸಾಕು ಅಂತ ನೀವೇ ಹೇಳಿದ್ರಿ." ಅವನ ಮಾತಿನಲ್ಲಿ ದೂರು ಇರಲಿಲ್ಲ, ಇದ್ದದ್ದನ್ನು ಹೇಳಿದ. ಅದು ಇನ್ನೂ ಚುಚ್ಚಿತು.

ಇದ್ದದ್ದನ್ನಾದರೂ ಒಟ್ಟು ಮಾಡೋಣ ಅಂತ ನನ್ನ ಕೈಯಿಂದ ವಾಚು ಬಿಚ್ಚಿ ಕೊಟ್ಟೆ. ಚಾಚಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮಿಷನ್ನನ್ನು ಹೊರಗೆ ತೆಗೆದ. ರಾಣಿಯ ಕೇಸು ಬಿಚ್ಚಿ ಡಯಲ್ಲು ತೆಗೆದ. ಎರಡನ್ನೂ ಕೂಡಿಸಿ, ಅವಳು ವಾಪಸ್ಸು ತಂದಿದ್ದ ವಾಚಿನ ಕೇಸಿಗೆ ಕೂರಿಸಿದ. ಒಂದು ಗಂಟೆ ಹಿಡಿಯಿತು. ಹುಡುಗಿ ಸ್ಟೂಲಿನ ಮೇಲೆ ಕೂತು ಅವನ ಕೈಯನ್ನೇ ನೋಡುತ್ತಿದ್ದಳು, ಹೊಲಿಗೆಯವರು ಇನ್ನೊಬ್ಬರ ಹೊಲಿಗೆ ನೋಡುವ ಹಾಗೆ. ನನ್ನ ಎರಡು ಒಳ್ಳೆಯ ವಾಚು ಅಲ್ಲಿಗೆ ಸತ್ತವು. ಸಂಕಟವಾಗಲಿಲ್ಲ ಅಂದರೆ ಸುಳ್ಳು, ಆಯಿತು.

ಮುಗಿದ ಮೇಲೆ ಚಾಚಾ ಅದನ್ನು ಅವಳ ಅಂಗೈ ಮೇಲಿಟ್ಟ. ಅವಳು ಕಿವಿಗೆ ಹಿಡಿದಳು, ಮುಂದೆ ನೋಡಿದಳು, ತಿರುವಿ ಹಿಂದೆ ನೋಡಿದಳು. ಆಮೇಲೆ ನಮ್ಮಿಬ್ಬರನ್ನೂ ನೋಡಿ ಕೇಳಿದಳು.

"ಇದ್ರಾಗ ನಮ್ಮಪ್ಪನ ಮೈಗೆ ತಾಗಿದ್ದು ಯಾವ್ದ್ರಿ?"

ಚಾಚಾ ಭೂತಗನ್ನಡಿ ತೆಗೆದು ಕೆಳಗಿಟ್ಟ. ಮಿಷನ್ನು ಒಳಗೆ ಇರುವಂಥದ್ದು. ಡಯಲ್ಲು ಗಾಜಿನ ಕೆಳಗೆ. ಎರಡನ್ನೂ ಅವಳ ಅಪ್ಪ ಒಂದು ದಿನವೂ ಮುಟ್ಟಿರಲಾರ.

"ಈ ಚಾವಿ ಕೊಡೋ ಗುಂಡಿ?"

"ಅದನ್ನೂ ಬದ್ಲಿ ಮಾಡಿಸೀನವ್ವ" ಅಂದೆ. "ಸವದಿತ್ತು."

"ಅಪ್ಪನ ಬೆರಳಿಗೇ ಸವದಿತ್ತು ರೀ" ಅಂದಳು, ಮೆಲ್ಲಗೆ.

ನಾನು ಎಷ್ಟು ಜನರ ಮಣಿಕಟ್ಟು ಹಿಡಿದಿದ್ದೇನೋ ಲೆಕ್ಕವಿಲ್ಲ. ಬೆಳಗಾದರೆ ಅದೇ ಕೆಲಸ. ಚರ್ಮದ ಬಿಸಿ, ತಂಪು, ಬೆವರು, ಬೆರಳು ಇಟ್ಟರೆ ಗೊತ್ತಾಗುತ್ತದೆ ಅಂತ ಹೊಸ ನರ್ಸುಗಳಿಗೆ ಭಾಷಣ ಮಾಡುತ್ತೇನೆ. ಅಂಥ ನಾನು ಒಬ್ಬ ಮನುಷ್ಯ ಮುಟ್ಟಿದ್ದನ್ನೆಲ್ಲ ಹುಡುಕಿ ಹುಡುಕಿ ಬಿಸಾಕಿ, ಅವನು ಮುಟ್ಟದೇ ಇದ್ದದ್ದನ್ನು ಹತ್ತಿಯಲ್ಲಿಟ್ಟು ಕಾಪಾಡಿದ್ದೆ. ಕ್ಷಮಿಸು ಅನ್ನಬೇಕಿತ್ತು. ಕೊನೆಗೆ ಬಾಯಲ್ಲಿ ಬಂದದ್ದು, "ಚಹಾ ಕುಡೀತೀಯೇನವ್ವ?"

ಅವಳು ಬೇಡವೆಂದು ತಲೆಯಾಡಿಸಿದಳು. ಬೆಲ್ಟು ಅವಳ ಸಣ್ಣ ಕೈಗೆ ದೊಡ್ಡದಾಗಿತ್ತು. ಚಾಚಾ ದಬ್ಬಳ ತೆಗೆದುಕೊಂಡು ಇನ್ನೊಂದು ತೂತು ಹಾಕಿದ. ಅವಳು ಬಿಗಿಯಾಗಿ ಕಟ್ಟಿಕೊಂಡು, ಕೈ ಅಲುಗಿಸಿ ನೋಡಿದಳು.

"ಇರ್ಲಿ ಬಿಡ್ರಿ. ನನಗೂ ನಮ್ಮಪ್ಪನಂಗ ಬೆವರು ಬಾಳ. ನಾವು ಹೊಲಿಯೋ ಕಡಿ ನಲವತ್ತು ಮಿಷನ್ನಿಗೆ ಎಲ್ಡು ಫ್ಯಾನು. ನಾಲ್ಕೈದು ವರ್ಷಕ್ಕ ಇದನ್ನೂ ತಿಂದುಹಾಕ್ತೀನಿ" ಅಂದಳು. ಅವಳು ಬಸ್ಸಿಗೆ ಹೊತ್ತಾಯಿತು ಅಂತ ಎದ್ದು, ಚಾಚಾನಿಗೆ ಕೈಮುಗಿದು ಹೋದಳು. ನನಗೂ ಮುಗಿದಳೋ ಇಲ್ಲವೋ, ನಾನು ತಲೆ ಎತ್ತಿರಲಿಲ್ಲ.

ವಾಚಿನ ಹುಚ್ಚು ಬಿಟ್ಟೆ ಅಂತ ಹೇಳಿದರೆ ಚೆನ್ನಾಗಿರುತ್ತಿತ್ತು. ಬಿಟ್ಟಿಲ್ಲ. ಬೆಳಿಗ್ಗೆ ಈಗಲೂ ಒಂದಕ್ಕೆ ಚಾವಿ ಕೊಟ್ಟು ಕಟ್ಟಿಕೊಂಡೇ ಹೊರಡುತ್ತೇನೆ. ಬದಲಾಗಿದ್ದು ವಾರ್ಡಿನ ಒಂದು ರೂಢಿ ಮಾತ್ರ. ಯಾರಾದರೂ ತೀರಿಕೊಂಡಾಗ ಅವರ ಕೈಯಲ್ಲಿದ್ದದ್ದನ್ನು, ಬಳೆಯೋ ಉಂಗುರವೋ ವಾಚೋ, ನಾವೇ ಬಿಚ್ಚಿ ಮನೆಯವರಿಗೆ ಒಪ್ಪಿಸಬೇಕು. ಕೊಡುವ ಮುಂಚೆ ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಒರೆಸಿ ಕೊಡುವುದು ಇಪ್ಪತ್ತೇಳು ವರ್ಷದ ನನ್ನ ಅಭ್ಯಾಸವಾಗಿತ್ತು. ಫಳಫಳ ಹೊಳೆಯುವ ಹಾಗೆ ಒರೆಸಿ, ಎಷ್ಟು ಮನೆಗಳಿಗೆ ಕೊಟ್ಟು ಕಳಿಸಿದೆನೋ.

ಮೊನ್ನೆ ಒಬ್ಬ ಹೊಸ ನರ್ಸು ಹತ್ತಿ, ಸ್ಪಿರಿಟ್ಟು ಹಿಡಿದುಕೊಂಡು ಬಂದಳು. ಮಂಚದ ಪಕ್ಕದಲ್ಲಿ ತೀರಿಕೊಂಡವರ ಮಗ ನಿಂತಿದ್ದ. ನಾನು ವಾಚು ಬಿಚ್ಚಿದೆ. ಹಿಂಬದಿ ಬೆವರಿಗೆ ಇನ್ನೂ ಒದ್ದೆಯಿತ್ತು. "ಒರೆಸಬೇಡ" ಅಂದೆ, ಹಾಗೇ ಅವನ ಕೈಗೆ ಕೊಟ್ಟೆ.