ಗುಂಡು ಎಸೆಯುವವಳ ಊಟ

ನನ್ನ ಮಗಳು ಗುಂಡು ಎಸೆತದ ಆಟಗಾರ್ತಿ, ಆಗ ಓದುತ್ತಿದ್ದದ್ದು ಮೊದಲ ಪಿಯುಸಿ. ಮನೆ ತುಮಕೂರಿನ ಬಟವಾಡಿಯಲ್ಲಿ. ನಾನು ಗುಬ್ಬಿಯಾಚೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರ್. ಬೆಳಿಗ್ಗೆ ಅವಳನ್ನು ಮೈದಾನಕ್ಕೆ ಬಿಟ್ಟು, ಬಂದು ಅಡುಗೆ ಮುಗಿಸಿ ಬಸ್ಸು ಹತ್ತುವಷ್ಟರಲ್ಲಿ ಮೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ನಿಂತುಕೊಂಡೇ ತೂಕಡಿಸುವುದನ್ನು ಆ ವರ್ಷ ಕಲಿತೆ.

ಅವಳು ಚೆನ್ನಾಗಿ ಉಣ್ಣುತ್ತಿದ್ದಳು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೊಟ್ಟೆ, ಗಟ್ಟಿ ಮೊಸರು. ಮಾಡಿ ಮಾಡಿ ಸಾಕಾಗುತ್ತಿದ್ದರೂ ತಟ್ಟೆ ಖಾಲಿಯಾಗುವುದನ್ನು ನೋಡಿದರೆ ಸಮಾಧಾನವಾಗುತ್ತಿತ್ತು.

ಅದೆಲ್ಲ ಕೆಟ್ಟಿದ್ದು ಒಂದು ಬೀಗರೂಟದಲ್ಲಿ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯ ನನ್ನ ನಾದಿನಿಯ ಮನೆಯಲ್ಲಿ. ಪಂಕ್ತಿಯಲ್ಲಿ ಕೂತ ಮಗಳು ಇನ್ನೊಂದು ಮುದ್ದೆ ಕೇಳಿದಾಗ ನಾದಿನಿ ನಕ್ಕಳು.

"ಏನೇ ಇದು, ಗಂಡುಡ್ಗರ ಭುಜ ಬಂದೈತಲ್ಲೇ ನಿಂಗೆ! ಇನ್ನೂ ತಿಂತೀಯಾ? ನಾಳೆ ಯಾವನ್ ಒಪ್ತಾನೆ?"

ಸುತ್ತ ಕೂತವರೂ ನಕ್ಕರು. ಮಗಳೂ ನಕ್ಕಳು. ನಕ್ಕು, ಎಲೆ ಮಡಿಚಿ ಎದ್ದಳು.

ಆಮೇಲೆ ಅವಳಿಗೆ ಪ್ರೋಟೀನ್ ಪೌಡರ್ ಬೇಕಾಯಿತು. ಜೊತೆಯವರೆಲ್ಲ ಕುಡಿಯುತ್ತಾರೆ ಎಂದಳು, ತಂದುಕೊಟ್ಟೆ. ಬೆಳಿಗ್ಗೆ ಸಂಜೆ ಹಾಲಿಗೆ ಕಲಸಿ ಕುಡಿದು, "ಹೊಟ್ಟೆ ತುಂಬ್ತು ಕಣಮ್ಮ" ಎಂದು ಎದ್ದುಬಿಡುವಳು. ಮುದ್ದೆ ಹಾಗೇ ಆರುತ್ತಿತ್ತು. ರೇಗಿದೆ, ಗೋಗರೆದೆ. ಅವಳಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬಂದು ತಾವೂ ಹೇಳಿ ನೋಡಿದರು. ದಿನಾ ಅದೇ ಜಗಳ ಮಾಡಲು ಕೊನೆಗೆ ನಮಗೂ ಶಕ್ತಿ ಉಳಿಯಲಿಲ್ಲ.

ಒಂದು ದಿನ ಶಾಲೆಯಲ್ಲಿದ್ದಾಗ ಅವಳ ಕೋಚ್ ಫೋನ್ ಮಾಡಿದರು. "ಮೇಡಂ, ಮನೇಲಿ ಸರಿಯಾಗಿ ಊಟ ಮಾಡ್ತಿದಾಳಾ? ಗುಂಡು ಎತ್ತೋವಾಗ ಕೈ ನಡುಗ್ತಿದೆ. ಇವತ್ತು ಕಣ್ಣು ಕತ್ತಲೆ ಬಂದು ಕೂತ್ಬಿಟ್ಳು."

ಸಂಜೆ ಮನೆ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು. ಅವಳು ಹೇಳಿದಳು: "ಅತ್ತೆ ಹಂಗಂದ್ಮೇಲೆ ಊಟ ಮಾಡೋಕೇ ನಾಚಿಕೆ ಆಗತ್ತೆ. ಪೌಡರಲ್ಲಿ ಪ್ರೋಟೀನ್ ಇದ್ಯಲ್ಲ, ದಪ್ಪ ಆಗದೇನೇ ಶಕ್ತಿ ಬರತ್ತೆ ಅಂದ್ಕೊಂಡೆ."

"ಹೊಟ್ಟೆಗೆ ಊಟ ಸಾಲದಿದ್ರೆ ಆ ಪ್ರೋಟೀನನ್ನೂ ಮೈ ಸುಟ್ಟು ಖರ್ಚು ಮಾಡ್ಬಿಡತ್ತಮ್ಮ," ಎಂದರು ಡಾಕ್ಟರು. "ಸ್ನಾಯು ಬೆಳೆಯೋಕೆ ಏನೂ ಉಳಿಯಲ್ಲ. ಮುದ್ದೆ, ಕಾಳು, ಮೊಟ್ಟೆ, ಹಾಲು ಮೊದಲು. ಇವೆಲ್ಲ ಇದ್ರೆ ಆ ಪೌಡರ್ ಡಬ್ಬ ಬೇಕಾಗೋದೇ ಕಮ್ಮಿ."

ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಕ್ತವೂ ಕಡಿಮೆಯಾಗಿತ್ತು, ಮಾತ್ರೆ ಶುರುವಾಯಿತು.

ನಾದಿನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. "ಅಯ್ಯೋ, ತಮಾಷೆಗಂದೆ ಕಣತ್ತಿಗೆ" ಎಂದಳು.

"ಅವ್ಳು ತಮಾಷೆಗೆ ಊಟ ಬಿಡ್ಲಿಲ್ಲ ಕಣಮ್ಮ" ಎಂದೆ. ಜಗಳವಾಡುವ ದನಿ ನನ್ನಲ್ಲಿರಲಿಲ್ಲ.

ಮುಂದಿನ ಭಾನುವಾರ ನಾದಿನಿ ನಾಟಿ ಕೋಳಿ ಮೊಟ್ಟೆ, ಕಡಲೆಕಾಯಿ ಹೊತ್ತುಕೊಂಡು ಬಂದಳು. ತಪ್ಪಾಯಿತು ಎನ್ನಲಿಲ್ಲ. ಮೊಟ್ಟೆ ಬೇಯಿಸಿ, ಸುಲಿದು, ಮಗಳ ಮುಂದಿಟ್ಟು "ತಿನ್ನೇ" ಎಂದಳು. ಮಗಳು ತಲೆ ಎತ್ತದೆ ಒಂದನ್ನು ತೆಗೆದುಕೊಂಡಳು.

ಜಿಲ್ಲಾ ತಂಡದ ಆಯ್ಕೆಗೆ ಹೋದಾಗ ಅವಳಿನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಹಿಂದೆ ಸಲೀಸಾಗಿ ದಾಟುತ್ತಿದ್ದ ದೂರವನ್ನು ಗುಂಡು ಮುಟ್ಟಲಿಲ್ಲ, ತಂಡದಲ್ಲಿ ಜಾಗ ಸಿಗಲಿಲ್ಲ. ಕೋಚ್ "ಮುಂದಿನ ವರ್ಷ ನೋಡೋಣ ಬಿಡಿ" ಎಂದರು. ಅವಳು ಅಳಲಿಲ್ಲ, ಮಾರನೆಯ ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಶೂ ಹಾಕಿಕೊಂಡು ಕೂತಿದ್ದಳು.

ಈಗ ಮನೆಯಲ್ಲಿ ಹೊಟ್ಟೆ ತುಂಬಾ ಉಣ್ಣುತ್ತಾಳೆ. ಯಾರಾದರೂ ಬಂದರೆ ಮಾತ್ರ ತಟ್ಟೆ ಎತ್ತಿಕೊಂಡು ರೂಮಿಗೆ ಹೋಗುತ್ತಾಳೆ. ಎಷ್ಟು ಹೇಳಿದರೂ ಅದೊಂದು ಹೋಗಿಲ್ಲ. ಮೊನ್ನೆ ನೆಂಟರು ಬಂದಾಗಲೂ ಹೋದಳು. ಅವರಿಗೆ ಬಡಿಸಿ, ನನ್ನ ತಟ್ಟೆಯನ್ನೂ ಎತ್ತಿಕೊಂಡು ಒಳಗೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತೆ. ಬುದ್ಧಿ ಹೇಳುವ ತ್ರಾಣವಿರಲಿಲ್ಲ. ಅವಳು ಸ್ವಲ್ಪ ಸರಿದು ಜಾಗ ಮಾಡಿದಳು. ಇಬ್ಬರೂ ಜೊತೆಗೆ ಉಂಡೆವು.