ಭೀಮಾಬಾಯಿ ಮನೆಯ ರಕ್ತ

ಡಾಕ್ಟರ್ ಮಲ್ಲೇಶ್ವರಿಗೆ ಹೊದಿಸಿದ ಶಾಲುಗಳಿಂದ ಶಹಾಪುರದಲ್ಲಿ ಒಂದು ಅಂಗಡಿಯನ್ನೇ ಹಾಕಬಹುದಿತ್ತು. ಯಾದಗಿರಿಯಲ್ಲಿ ಮೆಡಿಕಲ್ ಹುಡುಗರಿಗೆ ಪಾಠ, ಮಿಕ್ಕ ಹೊತ್ತೆಲ್ಲ ರಕ್ತದ ಸಂಶೋಧನೆ. ಸುರಪುರದ ಸಭೆಯಾಗಲಿ, ವಿದೇಶದ ಸಭೆಯಾಗಲಿ, ಅವಳು ಹೇಳುತ್ತಿದ್ದದ್ದು ಒಂದೇ ಮಾತು. ತಲಸ್ಸೇಮಿಯಾ ಎಂಬ ದೋಷ ಗಟ್ಟಿಮುಟ್ಟಾದವರ ರಕ್ತದಲ್ಲೂ ಅಡಗಿರುತ್ತದೆ. ಗಂಡು ಹೆಣ್ಣು ಇಬ್ಬರಲ್ಲೂ ಇದ್ದರೆ, ಹುಟ್ಟುವ ಕೂಸು ತಿಂಗಳು ತಿಂಗಳು ಪರರ ರಕ್ತ ಏರಿಸಿಕೊಂಡು ಬದುಕಬೇಕಾದೀತು. ಸಂಬಂಧದಲ್ಲಿ ಮದುವೆಯಾಗುವವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ.

ಜನ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು. ಈ ಪಾಠವನ್ನು ಅರೆದು ಕುಡಿದು ಕಾಲೇಜಿಗೇ ಮೊದಲಿಗನಾದ ಶಿಷ್ಯ ಅಂಬ್ರಪ್ಪ, ಯಾವ ಪರೀಕ್ಷೆಯನ್ನೂ ಮಾಡಿಸದೆ ಸ್ವಂತ ಅಕ್ಕನ ಮಗಳನ್ನು ಮದುವೆಯಾಗಲು ಹೊರಟು, ಲಗ್ನಪತ್ರಿಕೆ ಕೊಟ್ಟು ಕಾಲಿಗೆ ಬಿದ್ದ. ಇಂಥ ಶಿಷ್ಯರನ್ನು ಪಡೆಯಲು ಪುಣ್ಯ ಮಾಡಿರಬೇಕು.

ಬೇರೆಯವರ ಮಾತು ಹಾಗಿರಲಿ. ಮಲ್ಲೇಶ್ವರಿಯ ತಾಯಿ ಭೀಮಾಬಾಯಿಯೇ ಮಗ ಸಂಗಮನಾಥನಿಗೆ ಹಿರಿಮಗಳ ಮಗಳು ಭಾಗ್ಯಳನ್ನು ತರುವುದೆಂದು ಗಟ್ಟಿಮಾಡಿಬಿಟ್ಟಳು. ಸಂಗಮನಾಥನ ರಕ್ತದಲ್ಲಿ ಆ ದೋಷವಿರುವುದನ್ನು ಮಲ್ಲೇಶ್ವರಿ ಹಿಂದೆಯೇ ಮನೆಯವರಿಗೆಲ್ಲ ಹೇಳಿದ್ದಳು. ಭಾಗ್ಯಳ ರಕ್ತವನ್ನು ಯಾರೂ ನೋಡಿರಲಿಲ್ಲ.

“ಅವ್ವ, ಭಾಗ್ಯಾಂದೂ ಒಮ್ಮಿ ನೋಡೂನು,” ಎಂದಳು.

“ಸಂಗಮನಾಥ ಎತ್ತಿನಂಗ ನಿಂತಾನ, ಅವಗೇನ್ ಧಾಡಿ ಆಗ್ಯಾದ?” ತಾಯಿ ಗದರಿದಳು. “ನೀ ಊರ ಮಂದಿ ರಕ್ತ ನೋಡವಾ. ಡಾಕ್ಟರ್ ಮನಿ ರಕ್ತದಾಗೇ ಐಬು ಅದ ಅಂತ ಗೊತ್ತಾದ್ರ, ನಿನಗ ಶಾಲು ಯಾರ್ ಹೊದಸ್ತಾರ?”

ದೊಡ್ಡ ದೊಡ್ಡ ಪಂಡಿತರ ಬಾಯಿ ಮುಚ್ಚಿಸಿದವಳು ಅವ್ವನ ಮುಂದೆ ತನ್ನ ಬಾಯಿ ಮುಚ್ಚಿಕೊಂಡಳು. ಕೇಳಿದವರಿಗೆ ಸಿಟ್ಟು ಬರುವಂಥದ್ದೇ.

ನಿಶ್ಚಯದ ದಿನ ಅಂಗಳದ ತುಂಬ ಬೀಗರು. ಮಲ್ಲೇಶ್ವರಿಯ ಬ್ಯಾಗಿನಲ್ಲಿ ಸೂಜಿಯಿತ್ತು, ತೆಗೆಯುವ ಧೈರ್ಯವಿರಲಿಲ್ಲ. ಇನ್ನೇನು ಸಕ್ಕರೆ ಹಂಚಬೇಕು, ಅಷ್ಟರಲ್ಲಿ ಭಾಗ್ಯ ಎದ್ದು ಬಂದು ಸೆರಗು ಸರಿಸಿ, ಚಿಕ್ಕಮ್ಮನ ಮುಂದೆ ತೋಳು ಚಾಚಿದಳು.

“ಸಣ್ಣವ್ವ, ನನ್ನ ರಕ್ತ ತಗೋರಿ.”

“ಏ ಹುಡುಗಿ! ಶುಭ ಕಾರ್ಯದಾಗ ಸೂಜಿ ಚುಚ್ಚಸ್ಕೋತಾರೇನ? ಅಪಶಕುನ!” ಭೀಮಾಬಾಯಿ ಹೌಹಾರಿದಳು.

ಭಾಗ್ಯ ಅಜ್ಜಿಯತ್ತ ತಿರುಗಿದಳೇ ಹೊರತು ತೋಳು ಮಡಚಲಿಲ್ಲ. “ಇವತ್ತ ನನಗ ಒಮ್ಮಿ ಚುಚ್ಚಿದ್ರ ಅಪಶಕುನ ಅಂತೀರಿ. ನಾಳಿ ನನ್ನ ಕೂಸಿಗಿ ತಿಂಗಳಾ ತಿಂಗಳಾ ಚುಚ್ಚಾಕತ್ರ ಏನಂತೀರಿ, ಆಯಿ?”

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಲ್ಲೇಶ್ವರಿ ಬ್ಯಾಗಿನಿಂದ ಸೂಜಿ ತೆಗೆದಳು.